ಎರಡನೇ ಕುರ್ಚಿಯ ಮೇಷ್ಟ್ರು

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಒಮ್ಮೆ ಈ ಅಂಕಣದಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಅಂದಿನಿಂದ ಪತ್ರಗಳು ನಿಂತಿಲ್ಲ. ಕೈಯಲ್ಲಿ ಹಿಡಿದು ಓಡುವ ಚೆಂಡಿಗೆ ಕಾಲ್ಚೆಂಡು ಎನ್ನುವುದೇಕೆ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಬರೆದು ಬರೆದು ಸುಸ್ತಾಗಿದ್ದೇನೆ, ಬಿಡಿ. ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಆರು ತಿಂಗಳು ಇದ್ದು ಬಂದ ಹಿರಿಯರೇ ಇದನ್ನು ಹೆಚ್ಚಾಗಿ ಕೇಳುವುದು. ಹಾಸನದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಇನ್‌ಲ್ಯಾಂಡ್ ಪತ್ರ ನನ್ನ ಮೇಜಿನ ಮೇಲೇ ಇದೆ: "ಶನಿವಾರ ಬಂತೆಂದರೆ ಬೆಳಗಿನಿಂದ ನಡುರಾತ್ರಿಯ ತನಕ ಟಿವಿಯಲ್ಲಿ ಅದೇ ಆಟ. ಆಡುವವರು ಹನ್ನೊಂದು ಜನ, ಅಂಚಿನಲ್ಲಿ ನಿಂತು ಕೂಗಾಡುವ ಕೋಚ್‌ಗಳು ಹತ್ತು ಜನ. ಇವರೆಲ್ಲ ಕಾಲೇಜಿನ ಪಿ.ಟಿ. ಮೇಷ್ಟ್ರುಗಳೇ? ಬಾಯಿಗೆ ಕಾಗದ ಅಡ್ಡ ಹಿಡಿದು ಏನು ಗೊಣಗುತ್ತಾರೆ? ಅಷ್ಟು ಜನರಲ್ಲಿ ನಿಜವಾಗಿ ಆಟ ಆಡಿಸುವವರು ಯಾರು?"

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಒಂದು ಹೆಸರಿದೆ. ನಾರ್ಮ್ ಚೌ.

2004ರಲ್ಲಿ ಕೆಲಸದ ಮೇಲೆ ಕೆಲವು ತಿಂಗಳು ಲಾಸ್ ಏಂಜಲೀಸಿನಲ್ಲಿದ್ದೆ. ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ಕೊಲಿಸಿಯಂ ಕ್ರೀಡಾಂಗಣಕ್ಕೆ ಎಳೆದೊಯ್ದ. ಆಗ ತೊಂಬತ್ತು ಸಾವಿರ ಜನ ಹಿಡಿಸುತ್ತಿದ್ದ ಜಾಗ, ಆಡುವವರು ಓದುವ ಹುಡುಗರು. ಯುನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ, ಊರಿನವರ ಬಾಯಲ್ಲಿ ಬರೀ ಯುಎಸ್‌ಸಿ, ಆ ವರ್ಷ ದೇಶದ ಮೊದಲ ನಂಬರಿನ ತಂಡ. ಮೊದಲರ್ಧ ನನಗೆ ಕಂಡದ್ದು ಒಂದೇ: ಆನೆಗಾತ್ರದ ಹುಡುಗರು ಐದು ಸೆಕೆಂಡು ಢಿಕ್ಕಿ ಹೊಡೆದುಕೊಳ್ಳುತ್ತಾರೆ, ಆಮೇಲೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಇದೆಂಥ ಆಟ, ಆಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಎಂದೆ. ಗೆಳೆಯ ನಕ್ಕು, ನಿಂತಾಗಲೇ ಆಟ ನಡೆಯುವುದು, ಓಡಿದಾಗ ಬರೀ ಫಲಿತಾಂಶ ಗೊತ್ತಾಗುವುದು ಎಂದ. ಅವತ್ತು ಅದು ಜಂಬದ ಮಾತು ಅನಿಸಿತ್ತು.

ಕ್ರಿಕೆಟ್ ಗೊತ್ತಿದ್ದವರಿಗೆ ಹೀಗೆ ಹೇಳಬಹುದು. ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ, ಅದನ್ನು ಡೌನ್ ಎನ್ನುತ್ತಾರೆ. ಆ ನಾಲ್ಕರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ನೂರು ಗಜದ ಅಂಗಳ. ಪ್ರತಿ ಡೌನ್ ಒಂದು ಎಸೆತವಿದ್ದ ಹಾಗೆ. ಆದರೆ ಕ್ರಿಕೆಟಿನಲ್ಲಿ ಯಾರ್ಕರ್ ಹಾಕಬೇಕೋ ಬೌನ್ಸರ್ ಹಾಕಬೇಕೋ ಎಂದು ಬೌಲರ್ ತಾನೇ ಯೋಚಿಸುತ್ತಾನೆ, ಹೆಚ್ಚೆಂದರೆ ನಾಯಕನನ್ನು ಕೇಳುತ್ತಾನೆ. ಇಲ್ಲಿ ಪ್ರತಿ ಎಸೆತವನ್ನೂ ಪೆವಿಲಿಯನ್ನಿನಲ್ಲಿ ಕೂತ ಒಬ್ಬ ಮನುಷ್ಯ ಆರಿಸುತ್ತಾನೆ. ಹನ್ನೊಂದು ಜನರಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಎಷ್ಟು ಗಜ ಓಡಿ ಯಾವ ಕಡೆ ತಿರುಗಬೇಕು, ಯಾರು ಯಾರನ್ನು ತಡೆಯಬೇಕು, ಎಲ್ಲವೂ ಒಂದು ಸಂಕೇತದಲ್ಲಿ ಅಡಗಿರುತ್ತದೆ. ಇಂಥ ನೂರಾರು ಆಟಗಳನ್ನು ಒತ್ತೊತ್ತಾಗಿ ಅಚ್ಚು ಮಾಡಿದ ಪಟ್ಟಿಯೇ ಮೇಷ್ಟ್ರು ಕಂಡ ಕಾಗದ. ಬಾಯಿಗೆ ಅಡ್ಡ ಹಿಡಿಯುವುದು ಎದುರಾಳಿಯವರು ತುಟಿ ಓದದಿರಲಿ ಎಂದು. ಆ ಮನುಷ್ಯ ಮುಖ್ಯ ಕೋಚ್ ಆಗಿರಲೇಬೇಕೆಂದಿಲ್ಲ. ಬಹಳ ಸಲ ಅವನು ಅಫೆನ್ಸಿವ್ ಕೋಆರ್ಡಿನೇಟರ್, ಅಂದರೆ ದಾಳಿಯ ಉಸ್ತುವಾರಿ ಹೊತ್ತ ಸಹಾಯಕ. ಕೆಲವರು ಮೇಲಿನ ಗಾಜಿನ ಕೋಣೆಯಿಂದ ಹೆಡ್‌ಫೋನಿನಲ್ಲಿ ಹೇಳುತ್ತಾರೆ, ಕೆಲವರು ಅಂಗಳದ ಅಂಚಿನಲ್ಲೇ ನಿಲ್ಲುತ್ತಾರೆ. ಕಾಲೇಜು ಆಟದಲ್ಲಿ ಕೋಚ್ ಹೇಳಿದ್ದು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿಗೆ ನೇರವಾಗಿ ಕೇಳಿಸುವ ರೇಡಿಯೊಗೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಅಲ್ಲಿಯವರೆಗೆ ಕೈಸನ್ನೆ, ಚಿತ್ರದ ಬೋರ್ಡು, ಮಣಿಕಟ್ಟಿಗೆ ಕಟ್ಟಿಕೊಂಡ ಚೀಟಿ.

ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆಯುವ ಹುಡುಗ. ಊರಿಗೆಲ್ಲ ಅವನ ಮುಖ ಗೊತ್ತು. ಹೈಸ್ಮನ್ ಟ್ರೋಫಿ ಎಂಬ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಹೆಚ್ಚಾಗಿ ಹೋಗುವುದು ಇಂಥವರಿಗೇ. 1990ರಲ್ಲಿ ಟೈ ಡೆಟ್ಮರ್, 2002ರಲ್ಲಿ ಕಾರ್ಸನ್ ಪಾಮರ್, 2004ರಲ್ಲಿ ಮ್ಯಾಟ್ ಲೈನಾರ್ಟ್ ಅದನ್ನು ಗೆದ್ದರು. ಮೂವರಿಗೂ ಪಾಠ ಹೇಳಿದ್ದು ಚೌ. ಅವರಿಗಿಂತ ಮೊದಲು ಸ್ಟೀವ್ ಯಂಗ್, ನಡುವೆ ಒಂದು ವರ್ಷ ಫಿಲಿಪ್ ರಿವರ್ಸ್. ಅಮೆರಿಕದ ಬೀದಿಯಲ್ಲಿ ಈ ಹೆಸರುಗಳನ್ನು ಹೇಳಿದರೆ ಹುಡುಗರೂ ಗುರುತಿಸುತ್ತಾರೆ. ಚೌ ಎಂದರೆ ಆಟವನ್ನು ಹುಚ್ಚಿನಂತೆ ನೋಡುವವರು ಮಾತ್ರ ತಲೆಯಾಡಿಸುತ್ತಾರೆ.

ಹುಟ್ಟಿದ್ದು 1946ರಲ್ಲಿ, ಹವಾಯಿ ದ್ವೀಪಸಮೂಹದ ಹೊನೊಲುಲುವಿನಲ್ಲಿ. ಚೀನೀ, ಹವಾಯಿಯನ್, ಪೋರ್ಚುಗೀಸ್ ರಕ್ತ ಬೆರೆತ ಮನೆತನ. ಓದಿದ್ದು, ಆಡಿದ್ದು ಯೂಟಾ ವಿಶ್ವವಿದ್ಯಾಲಯದಲ್ಲಿ. ಆಡಿದ್ದೂ ಗಾರ್ಡ್ ಸ್ಥಾನದಲ್ಲಿ. ಎದುರಿನವರ ಪೆಟ್ಟನ್ನು ಮೈಮೇಲೆ ಹಾಕಿಕೊಂಡು ಎಸೆಯುವವನನ್ನು ಕಾಯುವ ಐವರು ಗೋಡೆಯಾಳುಗಳಲ್ಲಿ ಒಬ್ಬ. ಚೆಂಡು ಕೈಗೆ ಸಿಗುವುದೇ ಇಲ್ಲ. ಮುಂದೆ ಬದುಕೆಲ್ಲ ಚೆಂಡು ಎಸೆಯುವುದನ್ನೇ ಕಲಿಸಿದ ಮನುಷ್ಯ ಆಟಗಾರನಾಗಿ ಒಂದು ಪಾಸ್ ಕೂಡ ಎಸೆಯದ ಸ್ಥಾನದಿಂದ ಬಂದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಕೆನಡಾದಲ್ಲಿ ಸ್ವಲ್ಪ ದಿನ ವೃತ್ತಿಪರನಾಗಿ ಆಡಲು ಹೋಗಿ, ಹಿಂತಿರುಗಿ, 1970ರಿಂದ ಹವಾಯಿಯ ವೈಯಲುವಾ ಎಂಬ ಊರಿನ ಹೈಸ್ಕೂಲಿನಲ್ಲಿ ಕೋಚ್ ಆದರು. 1973ರಲ್ಲಿ ಯೂಟಾ ರಾಜ್ಯದ ಪ್ರೊವೊ ಪಟ್ಟಣದ ಬ್ರಿಗಂ ಯಂಗ್ ವಿಶ್ವವಿದ್ಯಾಲಯಕ್ಕೆ ಓದುತ್ತಲೇ ದುಡಿಯುವ ಸಹಾಯಕರಾಗಿ ಸೇರಿದರು. ಬಿವೈಯು ಎಂದು ಕರೆಯುವ ಈ ವಿಶ್ವವಿದ್ಯಾಲಯದಲ್ಲೇ ಡಾಕ್ಟರೇಟ್ ಕೂಡ ಮಾಡಿಕೊಂಡರು. ಪಿ.ಟಿ. ಮೇಷ್ಟ್ರೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ, ಸಾರ್: ಡಾಕ್ಟರ್ ಚೌ.

ಬಿವೈಯು ಮಾರ್ಮನ್ ಚರ್ಚಿನ ಸಂಸ್ಥೆ. ಹೆಂಡ ಇಲ್ಲ, ಕಾಫಿಯೂ ಇಲ್ಲ, ನಡತೆಯ ನಿಯಮ ಕಟ್ಟುನಿಟ್ಟು. ಅನೇಕ ಹುಡುಗರು ನಡುವೆ ಎರಡು ವರ್ಷ ಓದು ಬಿಟ್ಟು ಧರ್ಮಪ್ರಚಾರಕ್ಕೆ ಹೋಗುತ್ತಾರೆ. ದೇಶದ ಅತಿ ಬಲಿಷ್ಠ, ಅತಿ ವೇಗದ ಹುಡುಗರು ಟೆಕ್ಸಾಸ್, ಒಹಾಯೊ, ಅಲಬಾಮ ಬಿಟ್ಟು ಇಲ್ಲಿಗೆ ಬರುವುದು ಕಷ್ಟ. 1972ರಲ್ಲಿ ಇಲ್ಲಿ ಮುಖ್ಯ ಕೋಚ್ ಆದ ಲವೆಲ್ ಎಡ್ವರ್ಡ್ಸ್ ಬೇರೆ ಲೆಕ್ಕ ಹಾಕಿದರು. ಆಗಿನ ಕಾಲೇಜು ಆಟದಲ್ಲಿ ಚೆಂಡು ಹಿಡಿದು ಓಡುವುದೇ ಗಂಡಸುತನ, ಎಸೆಯುವುದು ಗತಿಯಿಲ್ಲದಾಗ. ಮೈಬಲದಲ್ಲಿ ಗೆಲ್ಲಲಾಗದವನು ಗಾಳಿಯಲ್ಲಿ ಗೆಲ್ಲಬೇಕು ಎಂದು ಎಡ್ವರ್ಡ್ಸ್ ಎಸೆತದ ಆಟ ಬಲ್ಲವರನ್ನು ಒಬ್ಬೊಬ್ಬರಾಗಿ ಕರೆತಂದರು. ಡಗ್ ಸ್ಕೋವಿಲ್ ಬಂದರು, ಹೋದರು. ಮೈಕ್ ಹೋಮ್‌ಗ್ರೆನ್ ಬಂದರು, ಹೋಗಿ ಮುಂದೆ ಗ್ರೀನ್ ಬೇ ಎಂಬ ವೃತ್ತಿಪರ ತಂಡಕ್ಕೆ ಚಾಂಪಿಯನ್ ಪಟ್ಟದ ಸೂಪರ್ ಬೌಲ್ ಗೆದ್ದುಕೊಟ್ಟರು. ಬಂದವರೆಲ್ಲ ಹೋದರು, ಚೌ ಉಳಿದರು. ಒಂದಲ್ಲ ಎರಡಲ್ಲ, 27 ಋತು. ಚೆಂಡು ಹಿಡಿಯುವವರ ಕೋಚ್ ಆಗಿ, ಎಸೆಯುವವರ ಕೋಚ್ ಆಗಿ, ಕ್ರಮೇಣ ಎಸೆತದ ಆಟದ ಇಡೀ ಜವಾಬ್ದಾರಿ ಹೊತ್ತವರಾಗಿ. 1984ರಲ್ಲಿ ಆ ಸಣ್ಣ ಊರಿನ ತಂಡ 13 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. 1990ರಲ್ಲಿ ಸಣಕಲು ಮೈಯ ಡೆಟ್ಮರ್ ಆಗಿನ ನಂಬರ್ ಒನ್ ಮಯಾಮಿಯನ್ನು 28-21ರಿಂದ ಸೋಲಿಸಿ, ಆ ವರ್ಷ 5,188 ಗಜ ಎಸೆದ.

ಇಷ್ಟಾಗಿ ಚೌ ಕಲಿಸಿದ್ದು ಏನು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಗೆಳೆಯನ ಜಂಬದ ಮಾತು ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ. ಬಿವೈಯು ಎಸೆತದ ಆಟಗಳಿಗೆ 61, 62, 65 ಎಂದು ಅರುವತ್ತರ ಸಾಲಿನ ನಂಬರುಗಳು. ಬೆರಳಿನಲ್ಲಿ ಎಣಿಸುವಷ್ಟೇ ಆಟಗಳು, ಆದರೆ ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪದ ಹಾಗೆ ಅಭ್ಯಾಸ. 62ಕ್ಕೆ ಮೆಶ್ ಎಂದು ಹೆಸರು. ಅಂಗಳದ ಎಡಬಲಗಳಿಂದ ಇಬ್ಬರು ಹುಡುಗರು ಎದುರುಬದುರಾಗಿ, ಐದಾರು ಗಜ ಆಳದಲ್ಲಿ ಅಡ್ಡ ಓಡುತ್ತಾರೆ. ನಡುಮಧ್ಯೆ ಭುಜಕ್ಕೆ ಭುಜ ಸೋಕುವಷ್ಟು ಹತ್ತಿರ ಹಾದುಹೋಗಬೇಕು. ಇವರ ಬೆನ್ನಟ್ಟಿದ ರಕ್ಷಕರಿಬ್ಬರು ಆ ಇಕ್ಕಟ್ಟಿನಲ್ಲಿ ಏನು ಮಾಡುತ್ತಾರೆ? ಸಂತೆಬೀದಿಯಲ್ಲಿ ಎರಡು ಗಾಡಿ ಒಟ್ಟಿಗೆ ಬಂದ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಡಬೇಕು ಇಲ್ಲವೇ ಸುತ್ತಿ ಹೋಗಬೇಕು. ಸಿಕ್ಕ ಅರ್ಧ ಸೆಕೆಂಡು ಸಾಕು, ಚೆಂಡು ಬಂದಿರುತ್ತದೆ. ಎದುರಾಳಿ ಇದು ಗೊತ್ತಾಗಿ ಬೆನ್ನಟ್ಟುವುದನ್ನು ಬಿಟ್ಟು ತನ್ನ ತನ್ನ ಜಾಗ ಕಾಯುತ್ತ ನಿಂತರೆ? ಆಗ ಓಡುವವನು ಓಡಬಾರದು. ಇಬ್ಬರು ಕಾವಲುಗಾರರ ನಡುವಿನ ಖಾಲಿಯಲ್ಲಿ ನಿಂತು ತಿರುಗಿ ನೋಡಬೇಕು. ಒಂದೇ ಆಟ, ಎರಡಕ್ಕೂ ಉತ್ತರ ಅದರೊಳಗೇ ಇದೆ. ಎಸೆಯುವವನು ಹನ್ನೊಂದು ಜನರನ್ನೂ ನೋಡುತ್ತ ಕೂರಬೇಕಿಲ್ಲ. ಇಂಥವನೊಬ್ಬನನ್ನು ನೋಡು, ಅವನು ಮುಂದೆ ಬಂದರೆ ಅವನ ಹಿಂದೆ ಎಸೆ, ಹಿಂದೆ ಸರಿದರೆ ಮುಂದೆ ಎಸೆ.

ಮಗ್ಗಿ ಬಾಯಿಪಾಠ ಮಾಡಿಸಿದ ಮೇಷ್ಟ್ರುಗಳನ್ನು ಕಂಡವರಿಗೆ ಇದರ ಗುಟ್ಟು ಹೇಳಬೇಕಿಲ್ಲ. 1983ರಲ್ಲಿ ಸ್ಟೀವ್ ಯಂಗ್ ಎಸೆದ ನೂರರಲ್ಲಿ 71 ಚೆಂಡು ತನ್ನವರ ಕೈಗೇ ಸೇರಿದವು. ಆಗಿನ ಕಾಲಕ್ಕೆ ಅದು ದಾಖಲೆ. ಈ ಪಾಠವನ್ನು ನೋಡಿ ಬರೆದುಕೊಳ್ಳಲು ಬೇರೆ ಊರಿನ ಕೋಚ್‌ಗಳು ಪ್ರೊವೊಗೆ ಬರುತ್ತಿದ್ದರು. ಅಯೋವಾ ರಾಜ್ಯದ ಒಂದು ಪುಟ್ಟ ಕಾಲೇಜಿನಿಂದ ಬಂದ ಹಾಲ್ ಮಮ್ಮಿ, ಅವರ ಸಹಾಯಕ ಮೈಕ್ ಲೀಚ್ ಇದನ್ನೇ ಇನ್ನಷ್ಟು ಸಡಿಲಿಸಿ, ವೇಗ ಹೆಚ್ಚಿಸಿ 'ಏರ್ ರೇಡ್' ಎಂಬ ಪದ್ಧತಿ ಕಟ್ಟಿದರು. ಇವತ್ತು ಟಿವಿಯಲ್ಲಿ ಯಾವ ಶನಿವಾರ ನೋಡಿದರೂ ಅಡ್ಡ ಓಡುವ ಆ ಇಬ್ಬರು ಹುಡುಗರು ಎಲ್ಲೋ ಒಂದು ಕಡೆ ಕಾಣಿಸುತ್ತಾರೆ.

ಎಡ್ವರ್ಡ್ಸ್ ನಿವೃತ್ತಿ ಹತ್ತಿರವಾದಾಗ ಮುಂದಿನ ಮುಖ್ಯ ಕೋಚ್ ಚೌ ಎಂದೇ ಬಹಳ ಜನ ಅಂದುಕೊಂಡಿದ್ದರು. ಆಗಲಿಲ್ಲ. 1999ರ ಋತು ಮುಗಿಸಿ ಅವರು ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟರು, ಮತ್ತೆ ಸಹಾಯಕರಾಗಿಯೇ. ವರ್ಷದೊಳಗೆ ಎಡ್ವರ್ಡ್ಸ್ ಕುರ್ಚಿ ಬೇರೆಯವರಿಗೆ ಹೋಯಿತು. ಏಷ್ಯಾದ ಮುಖವಾದ್ದರಿಂದ ಹೀಗಾಯಿತೇ ಎಂದು ಕೇಳುವವರಿದ್ದಾರೆ. ಆ ಒಂದು ನೇಮಕದ ಬಗ್ಗೆ ಹಾಗೆಂದು ಬೆರಳು ತೋರಿಸಲು ನನ್ನಲ್ಲಿ ಪುರಾವೆ ಇಲ್ಲ. ಆದರೆ ಒಂದನ್ನು ಎಲ್ಲರೂ ನೋಡಬಹುದು: ಮುಂದೆ 2011ರ ಕೊನೆಯಲ್ಲಿ ಚೌಗೆ ಮುಖ್ಯ ಕೋಚ್ ಹುದ್ದೆ ಸಿಕ್ಕಾಗ, ಅತ್ಯುನ್ನತ ದರ್ಜೆಯ ಕಾಲೇಜು ಫುಟ್‌ಬಾಲಿನಲ್ಲಿ ಆ ಕುರ್ಚಿಗೇರಿದ ಮೊದಲ ಏಷ್ಯನ್ ಅಮೆರಿಕನ್ ಎಂದು ಪತ್ರಿಕೆಗಳು ಬರೆದವು. ನೂರಕ್ಕೂ ಹೆಚ್ಚು ತಂಡಗಳಿರುವ ಆಟದಲ್ಲಿ, ಅಷ್ಟು ತಡವಾಗಿ, ಮೊದಲಿಗ. ಯಾರೊಬ್ಬರ ತಪ್ಪೂ ಅಲ್ಲದೆ ಎಲ್ಲರ ಅಭ್ಯಾಸವಾಗಿ ಹೋದ ಸಂಗತಿಗಳು ಹೀಗೇ ಇರುತ್ತವೆ.

2001ರ ಋತುವಿಗೆ ಪೀಟ್ ಕ್ಯಾರಲ್ ಯುಎಸ್‌ಸಿಗೆ ಮುಖ್ಯ ಕೋಚ್ ಆಗಿ ಬಂದು ಚೌರನ್ನು ಕರೆಸಿಕೊಂಡರು. ಕ್ಯಾರಲ್ ರಕ್ಷಣೆಯ ಆಟದವರು. ದಾಳಿಯನ್ನು ಇವರ ಕೈಗಿಟ್ಟರು. ಅಲ್ಲಿಯವರೆಗೆ ಏರಿಳಿಯುತ್ತಿದ್ದ ಕಾರ್ಸನ್ ಪಾಮರ್ 2002ರಲ್ಲಿ ಹೈಸ್ಮನ್ ಗೆದ್ದ, ಚೌಗೆ ಅದೇ ವರ್ಷ ದೇಶದ ಶ್ರೇಷ್ಠ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬಂತು. ಶ್ರೇಷ್ಠ ಸಹಾಯಕ ಎಂಬುದು ಹೊಗಳಿಕೆಯೋ ಶಾಪವೋ ಎಂದು ನನಗೆ ಆಗಾಗ ಅನಿಸುತ್ತದೆ. 2005ರ ಜನವರಿ 4ರಂದು ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕಾಗಿ ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಯುಎಸ್‌ಸಿ ಒಕ್ಲಹೋಮವನ್ನು 55-19ರಿಂದ ಹಿಂಡಿಹಾಕಿತು, ಲೈನಾರ್ಟ್ ಅಂಕ ತರುವ ಐದು ಟಚ್‌ಡೌನ್ ಎಸೆದ. ಆ ರಾತ್ರಿಯ ಆಟವನ್ನು ಗೆಳೆಯನ ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಮುಂದೆ ರೆಜ್ಜಿ ಬುಷ್ ಎಂಬ ಆಟಗಾರನಿಗೆ ನಿಯಮ ಮೀರಿ ಸವಲತ್ತು ಸಿಕ್ಕಿತ್ತೆಂದು ಆ ಗೆಲುವನ್ನು ಕಡತದಿಂದ ತೆಗೆದುಹಾಕಲಾಯಿತು. ನೋಡಿದ ಕಣ್ಣಿನಿಂದ ತೆಗೆಯುವುದು ಹೇಗೋ.

ಆ ಗೆಲುವೇ ಯುಎಸ್‌ಸಿಯಲ್ಲಿ ಚೌ ಅವರ ಕೊನೆಯ ಪಂದ್ಯ. ಟೆನೆಸೀ ಟೈಟನ್ಸ್ ಎಂಬ ವೃತ್ತಿಪರ ತಂಡಕ್ಕೆ ಹೋದರು. ಅವರಿಲ್ಲದೆ ಯುಎಸ್‌ಸಿ ಕುಸಿಯಿತೇ ಎಂದು ಕೇಳಿದರೆ, ಇಲ್ಲ. ಕಿರಿಯ ಕೋಚ್‌ಗಳ ಕೈಯಲ್ಲಿ ಮರುವರ್ಷ ಇನ್ನಷ್ಟು ಅಂಕ ಗಳಿಸಿತು. ಸೋತದ್ದು ಕೊನೆಯ ಪಂದ್ಯದಲ್ಲಿ ಮಾತ್ರ, ಟೆಕ್ಸಾಸ್‌ನ ವಿನ್ಸ್ ಯಂಗ್ ಎಂಬ ಹುಡುಗನ ಎದುರು, 41-38ರಿಂದ. ಕೆಲವೇ ತಿಂಗಳಲ್ಲಿ ಅದೇ ವಿನ್ಸ್ ಯಂಗ್ ಟೈಟನ್ಸ್‌ಗೆ ಬಂದು ಚೌ ಮುಂದೆ ವಿದ್ಯಾರ್ಥಿಯಾಗಿ ಕೂತ, ಆ ವರ್ಷದ ಶ್ರೇಷ್ಠ ಹೊಸ ಆಟಗಾರನೂ ಆದ. ಕಥೆ ಬರೆದರೆ ಸಂಪಾದಕರು ನಂಬುವುದಿಲ್ಲ.

ಚೌ ಬದುಕಿನ ಕೊನೆಯ ಅಧ್ಯಾಯಗಳು ಹೀಗೆ ಹಳೆಯ ಮನೆಗಳ ಬಾಗಿಲನ್ನೇ ಮತ್ತೆ ಮತ್ತೆ ತಟ್ಟುತ್ತವೆ. 2008ರಲ್ಲಿ ಯುಎಸ್‌ಸಿಯ ಎದುರುಮನೆಯಂಥ ಯುಸಿಎಲ್‌ಎ ಸೇರಿದರು. ಆ ಸೆಪ್ಟೆಂಬರಿನಲ್ಲಿ ತಂಡದೊಂದಿಗೆ ಪ್ರೊವೊಗೆ ಹೋದರೆ, ತಾವು 27 ಋತು ದುಡಿದ ಅಂಗಳ, ಅದಕ್ಕೀಗ ಲವೆಲ್ ಎಡ್ವರ್ಡ್ಸ್ ಹೆಸರು. ಫಲಿತಾಂಶ 59-0. ಸೊನ್ನೆ ಚೌ ಕಡೆಯದು. ಮೂರು ವರ್ಷದ ಬಳಿಕ ತಾವು ಓದಿದ ಯೂಟಾ ವಿಶ್ವವಿದ್ಯಾಲಯದ ದಾಳಿಯ ಕೋಚ್ ಆಗಿ ಅದೇ ಅಂಗಳಕ್ಕೆ ಬಂದಾಗ 54-10ರಿಂದ ಗೆದ್ದರು. ಅದೇ ಮನುಷ್ಯ, ಅದೇ ಪಟ್ಟಿ ಕೈಯಲ್ಲಿ. ಕೋಚ್ ದೊಡ್ಡವನೋ ಹುಡುಗರು ದೊಡ್ಡವರೋ ಎಂದು ವಾದ ಮಾಡುವವರಿಗೆ ಈ ಎರಡು ಅಂಕಗಳನ್ನು ಕೊಟ್ಟು ನಾನು ಎದ್ದು ಹೋಗುತ್ತೇನೆ.

ಕೊನೆಗೂ ಮೊದಲನೇ ಕುರ್ಚಿ ಸಿಕ್ಕಿತು. ಹುಟ್ಟೂರು ಹೊನೊಲುಲುವಿನ ಹವಾಯಿ ವಿಶ್ವವಿದ್ಯಾಲಯ, ವಯಸ್ಸು 65. ಸುಮಾರು ನಲವತ್ತು ವರ್ಷ ದೂರದಲ್ಲಿ ದುಡಿದ ಮಗ ಮನೆಗೆ ಬಂದ ಎಂದು ಊರು ಸಂಭ್ರಮಿಸಿತು. 2012ರ ಮೊದಲ ಪಂದ್ಯವೇ ಕೊಲಿಸಿಯಂನಲ್ಲಿ, ಯುಎಸ್‌ಸಿ ಎದುರು: 49-10 ಸೋಲು. ಅದೇ ತಿಂಗಳು ಬಿವೈಯು ಎದುರು 47-0. ಮರುವರ್ಷ ಸತತ ಹನ್ನೊಂದು ಪಂದ್ಯ ಸೋತು ಕೊನೆಯದನ್ನು ಗೆದ್ದರು. 2015ರ ನವೆಂಬರ್ 1ರಂದು, ಋತು ಮುಗಿಯುವ ಮೊದಲೇ, ಕೆಲಸದಿಂದ ತೆಗೆದರು. ಒಟ್ಟು ಗೆಲುವು 10, ಸೋಲು 36.

ಸಹಾಯಕನಾಗಿಯೇ ಇರಬೇಕಾದವರು, ಅದಕ್ಕೇ ಯಾರೂ ಮೊದಲು ಕೊಡಲಿಲ್ಲ ಎಂದು ಆಗ ಬುದ್ಧಿವಂತಿಕೆ ಹೇಳಿದವರಿದ್ದರು. ನನಗೆ ಒಪ್ಪಿಗೆಯಿಲ್ಲ. ಮುಖ್ಯ ಕೋಚ್ ಕೆಲಸವೇ ಬೇರೆ. ದಾನಿಗಳ ಮನೆಗೆ ಊಟಕ್ಕೆ ಹೋಗಬೇಕು, ಹದಿನೇಳರ ಹುಡುಗರ ತಾಯಂದಿರ ಮನ ಒಲಿಸಬೇಕು, ಪತ್ರಿಕೆಯವರನ್ನು ಸಂಭಾಳಿಸಬೇಕು. ಹವಾಯಿಯಲ್ಲಂತೂ ಪ್ರತಿ ಪರವೂರ ಪಂದ್ಯಕ್ಕೂ ಸಮುದ್ರ ದಾಟಬೇಕು, ಬೊಕ್ಕಸ ಬೇರೆ ಖಾಲಿ. ಒಳ್ಳೆಯ ಗಣಿತದ ಮೇಷ್ಟ್ರನ್ನು ಎಳೆದು ಹೆಡ್‌ಮಾಸ್ಟರ್ ಮಾಡಿ, ಬಿಸಿಯೂಟದ ಲೆಕ್ಕ, ಕಟ್ಟಡದ ಕಡತ, ಇಲಾಖೆಯ ಸುತ್ತೋಲೆಗಳನ್ನು ತಲೆಗೆ ಕಟ್ಟಿ, ಆಮೇಲೆ ಮೇಷ್ಟ್ರು ಸಪ್ಪೆಯಾದರು ಎನ್ನುವುದನ್ನು ನಾವು ನೋಡಿಲ್ಲವೇ? ಆದರೆ ಅವರು ಬೇಡ ಎನ್ನಬಹುದಿತ್ತು, ಎನ್ನಲಿಲ್ಲ ಎಂಬುದೂ ನಿಜ. ನಲವತ್ತು ವರ್ಷ ಎರಡನೇ ಕುರ್ಚಿಯಲ್ಲಿ ಕೂತವರಿಗೆ ಮೊದಲನೆಯದು ಕಾಣುತ್ತಲೇ ಇರುತ್ತದೆ.

ಇಷ್ಟನ್ನೂ ಹಾಸನದ ಮೇಷ್ಟ್ರಿಗೆ ಪತ್ರದಲ್ಲಿ ಬರೆದಿದ್ದೆ. ನಿಜವಾಗಿ ಆಟ ಆಡಿಸುವವರು ನೀವು ಹೆಸರು ಕೇಳಿರದ ಇಂಥವರು ಎಂದು. ಎಂಟು ದಿನದಲ್ಲಿ ಉತ್ತರ ಬಂತು. ಅವರಿಗೆ ಮೆಶ್ ಚೆನ್ನಾಗಿ ಅರ್ಥವಾಗಿತ್ತು, ಚಿತ್ರ ಬರೆದು ಕಳಿಸಿದ್ದರು. ಬಾಣದ ಗುರುತು ಒಂದು ಮಾತ್ರ ತಿರುವುಮುರುವು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: "ನಿವೃತ್ತರಾದ ಮೇಲೆ ಈಗೇನು ಮಾಡುತ್ತಿದ್ದಾರೆ?"

2020ರಲ್ಲಿ ಎಕ್ಸ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ಲಾಸ್ ಏಂಜಲೀಸ್ ತಂಡದ ದಾಳಿಯ ಕೋಚ್ ಆಗಿದ್ದರು, ಐದು ವಾರಕ್ಕೆ ಕೊರೊನಾ ಬಂದು ಲೀಗೇ ನಿಂತಿತು ಎಂದು ತಿಳಿಸಿದೆ. 2023ರಲ್ಲಿ ಹೆಲ್ವೆಟಿಕ್ ಗಾರ್ಡ್ಸ್ ಎಂಬ ಹೊಸ ತಂಡಕ್ಕೆ ಪಾಠ ಹೇಳಲು ಸ್ವಿಟ್ಜರ್ಲೆಂಡಿಗೆ ಹೋದರು, ಆಗ ವಯಸ್ಸು 77, ಈ ಸಲ ಮುಖ್ಯ ಕೋಚ್ ಆಗಿ ಎಂದೂ ಬರೆದೆ. ಅಂಚೆಗೆ ಹಾಕುವ ಮೊದಲು ಅವರ ಚಿತ್ರದ ಬಾಣವನ್ನು ಸರಿಪಡಿಸಿ ಜೊತೆಗಿಟ್ಟೆ.